ಅವ್ವನ ಎಡಗೈ

ಮಲ್ಲೇಶ್ವರ
೯ ಜನವರಿ ೧೯೨೧

ಚಿರಂಜೀವಿ ಶಂಭುಲಿಂಗಪ್ಪನಿಗೆ ಅಕ್ಕ ಮಹಾನಂದಮ್ಮ ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿ ಕ್ಷೇಮವಿಲ್ಲವೆಂದು ಗೊತ್ತಾಗಿಯೇ ಕಾಗದ ಹಿಡಿದಿದ್ದೇನೆ, ಆದ್ದರಿಂದ ಕೇಳುವುದಿಲ್ಲ.

ನಿನ್ನೆ ನಿನ್ನ ಹೆಂಡತಿ ಗಿರಿಜಾಂಬಾ ಬಂದಿದ್ದಳು. ನೀನು ಅಂಗಡಿಗೆ ಹೋದ ಮೇಲೆ ಜಟಕಾ ಮಾಡಿಕೊಂಡು ಬಂದು, ನೀನು ಊಟಕ್ಕೆ ಬರುವಷ್ಟರಲ್ಲಿ ಚಾಮರಾಜಪೇಟೆ ಸೇರಬೇಕೆಂದು ಬಾಗಿಲಲ್ಲೇ ನಿಂತು ಅತ್ತಳು. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ಆದರೂ ಹೇಳುತ್ತಿದ್ದೇನೆ. ಅವಳನ್ನು ಬೈದದ್ದು ಗೊತ್ತಾದರೆ ನಾನೇ ಬಂದು ನಿನ್ನ ಮನೆ ಜಗುಲಿಯ ಮೇಲೆ ಕೂರುತ್ತೇನೆ, ಬೀದಿಯವರೆಲ್ಲ ನೋಡಲಿ.

ನಿನ್ನ ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಅಂಗೈಯೊಳಕ್ಕೆ ಮಡಿಚಿಕೊಂಡು ವರ್ಷವಾಯಿತಂತೆ. ಬಿಚ್ಚಿದರೂ ಬಿಚ್ಚುವುದಿಲ್ಲವಂತೆ. ಯಾವನೋ ನಾಟಿ ವೈದ್ಯನ ಹತ್ತಿರ ಎಣ್ಣೆ ಹಚ್ಚಿಸಿ ಎಳೆಸಿಕೊಂಡು ಮೂರು ದಿನ ಜ್ವರದಲ್ಲಿ ಮಲಗಿದ್ದೆಯಂತೆ. ಅಂಗಡಿಯಲ್ಲಿ ಬಟ್ಟೆ ಅಳೆಯುವಾಗ ಗಜದ ಕೋಲು ಕೈಯಿಂದ ಜಾರುತ್ತದೆಯಂತೆ. ಅದೆಲ್ಲ ಹೋಗಲಿ. ಪೂಜೆಗೆ ಬಾಗಿಲು ಹಾಕಿಕೊಂಡು ಕೂರುತ್ತೀಯಂತೆ! ನಮ್ಮ ಮನೆಯಲ್ಲಿ ಯಾರು ಯಾವತ್ತು ಬಾಗಿಲು ಹಾಕಿಕೊಂಡು ಲಿಂಗಪೂಜೆ ಮಾಡಿದ್ದಾರೆ? ಎಡ ಅಂಗೈ ಚಪ್ಪಟೆಯಾಗದವನು ಇಷ್ಟಲಿಂಗವನ್ನು ಇಟ್ಟುಕೊಳ್ಳುವುದಾದರೂ ಎಲ್ಲಿ? ಅದನ್ನು ಹೆಂಡತಿ ಕೇಳಿದ್ದಕ್ಕೆ ತಂಬಿಗೆ ಎಸೆದೆಯಂತೆ. ಭೇಷ್.

ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಚಂದ್ರಶೇಖರಯ್ಯ ಎಂಬ ಡಾಕ್ಟರಿದ್ದಾರೆ. ನಮ್ಮವರೇ, ಮದ್ರಾಸಿನಲ್ಲಿ ಓದಿ ಬಂದವರು. ನಮ್ಮ ಬೀದಿಯ ಬಡಗಿಯ ಹೆಬ್ಬೆರಳು ಉಳಿ ತಗುಲಿ ಜೋತಾಡುತ್ತಿದ್ದದ್ದನ್ನು ಹೊಲಿದು ಕೂರಿಸಿದರು. ಈಗ ಅವನು ಅದೇ ಕೈಯಲ್ಲಿ ಉಳಿ ಹಿಡಿಯುತ್ತಾನೆ. ಅವರ ಹತ್ತಿರ ಹೋಗು.

ಇದನ್ನು ಓದಿ ಅಕ್ಕ ಕರಗಿದಳು ಎಂದುಕೊಳ್ಳಬೇಡ. ಎರಡು ವರ್ಷ ಮೂರು ತಿಂಗಳಿಂದ ನಿನ್ನ ಹೊಸಲು ತುಳಿದಿಲ್ಲ, ಇನ್ನೂ ತುಳಿಯುವುದಿಲ್ಲ. ಅವ್ವ ಲಿಂಗೈಕ್ಯಳಾದಳೆಂದು ತಂತಿ ಬಂದ ಕೂಡಲೇ ಉಟ್ಟ ಸೀರೆಯಲ್ಲೇ, ಆಗ ನಾವಿದ್ದ ತುಮಕೂರಿನಿಂದ ಮೊದಲ ರೈಲು ಹತ್ತಿದೆ. ರುದ್ರಭೂಮಿಗೆ ಬಂದರೆ ನೀನು ಕೈಗೆ ಮೆತ್ತಿದ ಮಣ್ಣು ತೊಳೆಯುತ್ತಿದ್ದೆ. ಒಂದು ಗಂಟೆ ಕಾಯಲಿಲ್ಲ. “ಇನ್‌ಫ್ಲುಯೆಂಜಾ ಅಕ್ಕ, ಇಟ್ಕೊಳ್ಳೋ ಹಾಗಿರ್ಲಿಲ್ಲ” ಅಂದೆ. ಹಿಂದಿನ ಸಂಜೆ ಅವ್ವ ಪಕ್ಕದ ಮನೆ ಶೈಲಜಮ್ಮನ ಅಡುಗೆ ಮನೆಯಲ್ಲಿ ಕೂತು ಬಿಸಿ ರೊಟ್ಟಿ ತಿಂದು ನಗುತ್ತಾ ಹೋದಳೆಂದು ಆ ಶೈಲಜಮ್ಮನೇ ನನಗೆ ಹೇಳಿದಳು. ಜ್ವರವಿಲ್ಲ, ಕೆಮ್ಮಿಲ್ಲ. ನೀನು ಸುಳ್ಳು ಹೇಳಿದೆ. ಹೆತ್ತವಳ ಮುಖವನ್ನು ನನಗೆ ಕೊನೆಯ ಸಲ ತೋರಿಸದೆ ಮಣ್ಣು ಮುಚ್ಚಿದೆ. ಯಾಕೆಂದು ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

ಡಾಕ್ಟರ ಹತ್ತಿರ ಹೋಗು, ಅಷ್ಟೇ.

ಮಹಾನಂದಮ್ಮ


ಚಾಮರಾಜಪೇಟೆ
೧೫ ಜನವರಿ ೧೯೨೧

ಮಲ್ಲೇಶ್ವರದ ಮಹಾನಂದಮ್ಮನವರಿಗೆ ಶಂಭುಲಿಂಗಪ್ಪನ ಶರಣು.

ತಮ್ಮ ಕಾಗದ ತಲುಪಿತು. ಗಿರಿಜೆಯನ್ನು ಬೈದಿಲ್ಲ. ಆ ಜಟಕಾದವನಿಗೆ ಮಾತ್ರ ಹೇಳಿದ್ದೇನೆ, ಇನ್ನೊಂದು ಸಲ ಮಲ್ಲೇಶ್ವರದ ಕಡೆ ಗಾಡಿ ಹೊಡೆದರೆ ನಮ್ಮ ಬೀದಿಯಲ್ಲಿ ನಿಲ್ಲಿಸುವುದು ಬೇಡವೆಂದು.

ಕೈ ನನ್ನದು. ಎರಡು ವರ್ಷದಿಂದ ನಾನು ಇದ್ದೇನೋ ಇಲ್ಲವೋ ಎಂದು ವಿಚಾರಿಸದವರಿಗೆ ನನ್ನ ಎರಡು ಬೆರಳಿನ ಚಿಂತೆ ಯಾಕೆ? ಬಟ್ಟೆ ಕೊಯ್ಯಲು ಬಲಗೈ ಇದೆ. ಪೂಜೆ ಹೇಗೆ ಮಾಡುತ್ತೇನೆಂಬುದು ನನಗೂ ನನ್ನ ಲಿಂಗಕ್ಕೂ ಬಿಟ್ಟದ್ದು. ತಂಬಿಗೆ ಎಸೆಯಲಿಲ್ಲ, ಜಾರಿತು.

ಈ ಬೆರಳುಗಳಿಗೆ ಔಷಧ ಬೇಡ. ಬರಬೇಕಾದದ್ದು ಬರಬೇಕಾದ ಕೈಗೇ ಬಂದಿದೆ. ಇದಕ್ಕಿಂತ ಹೆಚ್ಚು ಕೇಳಬೇಡಿ.

ಅವ್ವನ ವಿಷಯ ಅವತ್ತು ಹೇಳಿದಷ್ಟೇ. ಶೈಲಜಮ್ಮನ ರೊಟ್ಟಿಗೆ ಉತ್ತರ ಕೊಡುವ ಅಗತ್ಯ ನನಗಿಲ್ಲ. ಸಂಕ್ರಾಂತಿಯ ಎಳ್ಳು ತಾವೂ ಕಳಿಸಲಿಲ್ಲ, ನಾವೂ ಕಳಿಸಲಿಲ್ಲ. ಹಾಗೆಯೇ ನಡೆದುಕೊಂಡು ಹೋಗಲಿ.

ಇಂತು
ಶಂಭುಲಿಂಗಪ್ಪ


ಮಲ್ಲೇಶ್ವರ
೧೩ ಫೆಬ್ರವರಿ ೧೯೨೧

ಶಂಭುಲಿಂಗಪ್ಪನಿಗೆ ಮಹಾನಂದಮ್ಮ ಬರೆಯುವುದು.

‘ತಾವು’ ಅಂತೆ! ‘ಬೇಡಿ’ ಅಂತೆ! ಎಂಟು ವರ್ಷ ದೊಡ್ಡವಳು ನಾನು. ನನ್ನ ಸೊಂಟದ ಮೇಲೆ ಕೂತು ನನ್ನ ಜಡೆ ಚೀಪುತ್ತಾ ಬೆಳೆದವನಿಗೆ ಇವತ್ತು ನಾನು ‘ತಾವು’ ಆದೆ. ಆಗಲಿ. ಸಿಟ್ಟು ನಿನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅವ್ವನಿಂದ ಬಂದದ್ದು.

ನೀನು ಹೋಗುವವನಲ್ಲವೆಂದು ತಿಳಿದು ಶುಕ್ರವಾರ ನಾನೇ ಆಸ್ಪತ್ರೆಗೆ ಹೋಗಿದ್ದೆ. ಕಿರುಚಾಡಬೇಡ, ಹೋಗಿಯಾಯಿತು. ಕೈ ನೋವಿನವರದೇ ಒಂದು ಸಾಲು ಕೂತಿತ್ತು. ಗಿರಣಿಯ ಯಂತ್ರಕ್ಕೆ ಬೆರಳು ಸಿಕ್ಕಿಸಿಕೊಂಡ ಹುಡುಗಿ, ಗಾಜು ಕೊಯ್ದ ಬಳೆಗಾರ, ಕೈಯೆಲ್ಲ ಬೆಂದ ಅಡುಗೆಯವನು. ನಾನು ಕೈ ಕಾಲು ಸರಿಯಿರುವವಳು ಅವರ ನಡುವೆ ಎರಡು ಗಂಟೆ ಕೂತೆ, ನಿನ್ನಂಥವನಿಗೋಸ್ಕರ.

ಡಾಕ್ಟರು ಎಳೆ ವಯಸ್ಸಿನವರು. “ತಾಯೀ, ರೋಗಿ ಎಲ್ಲಿ?” ಅಂದರು. “ಮನೇಲಿ ಮುನಿಸ್ಕೊಂಡು ಕೂತಿದಾನೆ” ಅಂದೆ. ಗಿರಿಜೆ ಹೇಳಿದ್ದನ್ನೆಲ್ಲ ಹೇಳಿದೆ. ಅವರು ನನ್ನ ಎಡಗೈಯನ್ನೇ ಮುಂದಕ್ಕೆ ಎಳೆದುಕೊಂಡು ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. “ಇದು ವಾತ ಅಲ್ಲ, ನರಾನೂ ಅಲ್ಲ. ಚರ್ಮದ ಕೆಳಗೆ ಒಂದು ಪದರ ಇರುತ್ತೆ. ಅದು ಗಂಟು ಕಟ್ಟಿ, ಹಗ್ಗದ ಹಾಗೆ ಹುರಿಯಾಗಿ ಬೆರಳನ್ನ ಒಳಗೆ ಎಳ್ಕೊಳ್ಳುತ್ತೆ. ಎಣ್ಣೆ ಹಚ್ಚಿದ್ರೆ ಹೋಗಲ್ಲ. ಕೊಯ್ದು ತೆಗೀಬೇಕು.” ಆಮೇಲೂ ಸ್ವಲ್ಪ ಹೊತ್ತು ನನ್ನ ಕೈ ಬಿಡಲಿಲ್ಲ. “ನಿಮ್ಮ ತಾಯಿಗೂ ಇತ್ತಾ?” ಅಂದರು. ನಾನು ಕಂಡಾಗ ಅವ್ವನ ಎಡಗೈ ಕಿರುಬೆರಳು ಕೊಂಚ ಬಾಗಿತ್ತು, ಅಷ್ಟೇ ಎಂದೆ. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಅವಳು ಯಾವಾಗಲೂ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

“ಆ ಕೈಲಿ ಏನ್ ಕೆಲಸ ಮಾಡ್ತಾರೆ?” ಎಂದು ಕೇಳಿದರು. ಲಿಂಗಪೂಜೆ ಅಂದೆ. ಅವರು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಒಮ್ಮೆ ಮುಟ್ಟಿಕೊಂಡರು. “ಹಾಗಾದ್ರೆ ಬೇಗ ಕರ್ಕೊಂಬನ್ನಿ. ಕೀಲು ಗಟ್ಟಿಯಾಗ್ಬಿಟ್ರೆ ಆಮೇಲೆ ನನ್ ಕೈಲೂ ಆಗಲ್ಲ. ಮೂರು ತಿಂಗಳು, ಜಾಸ್ತಿ ಅಂದ್ರೆ ನಾಲ್ಕು” ಅಂದರು.

ಮತ್ತು ಬರುವ ಔಷಧ ಮೂಸಿಸಿ ಕೊಯ್ಯುತ್ತಾರಂತೆ, ನೋವು ಗೊತ್ತಾಗುವುದಿಲ್ಲ. ಆಮೇಲೆ ಬೆರಳು ನೀಟಾಗಿ ನಿಲ್ಲುವಂತೆ ಹಲಗೆಗೆ ಕಟ್ಟುತ್ತಾರೆ. ಹದಿನೈದು ದಿನ ಒಂದು ತೊಟ್ಟು ನೀರು ತಾಕಬಾರದು. ಇದನ್ನು ಎರಡು ಸಲ ಹೇಳಿದರು, ನಾನೂ ಎರಡು ಸಲ ಬರೆಯುತ್ತೇನೆ. ಹದಿನೈದು ದಿನ ನೀರು ತಾಕಬಾರದು.

ಬೇಡ ಅನ್ನುತ್ತೀಯಾ, ಹಾಗಾದರೆ ಒಂದು ಮಾತು ಯೋಚನೆ ಮಾಡು. ನೀನು ಹೋಗುವ ಕಾಲ ಬಂದಾಗ ಸಮಾಧಿಯಲ್ಲಿ ಕೂರಿಸಿ ನಿನ್ನ ಎಡ ಅಂಗೈಗೆ ಲಿಂಗ ಕೊಡಬೇಕಲ್ಲ? ಆಗ ಆ ಮುಷ್ಟಿಯನ್ನು ಯಾರು ಬಿಚ್ಚಬೇಕು? ಗಿರಿಜೆಯೇ? ಸುತ್ತಿಗೆ ತಂದೇ?

ಮಹಾನಂದಮ್ಮ


ಚಾಮರಾಜಪೇಟೆ
೧೦ ಮಾರ್ಚ್ ೧೯೨೧

ಮಹಾನಂದಮ್ಮನವರಿಗೆ.

ತಮ್ಮ ಕಾಗದದ ಕೊನೆಯ ಮಾತನ್ನು ಬರೆಯಬಾರದಾಗಿತ್ತು. ಯಾರಿಗೂ ಬರೆಯಬಾರದ ಮಾತು ಅದು. ಓದಿದ ಕೂಡಲೇ ಒಲೆಗೆ ಹಾಕಿದೆ. ಒಂದು ತಿಂಗಳು ಉತ್ತರ ಬರೆಯದೆ ಇದ್ದದ್ದು ಬರೆದರೆ ಏನು ಬರೆದುಬಿಡುತ್ತೇನೋ ಎಂದು.

ಇವತ್ತು ಬರೆಯುವುದು ಬೇರೆ ಕಾರಣಕ್ಕೆ. ಗಿರಿಜೆ ನಾಳೆಯಾದರೂ ಬಂದು ಹೇಳುತ್ತಾಳೆ, ಅದಕ್ಕಿಂತ ನಾನೇ ಹೇಳುವುದು ಮೇಲು. ಒಂದು ವರ್ಷದಿಂದ ಬಲಗೈಯಲ್ಲಿ ಆ ಎರಡು ಬೆರಳನ್ನು ಮೇಲಕ್ಕೆತ್ತಿ, ನಡುವೆ ಬಟ್ಟೆಯ ಸುರುಳಿ ತುರುಕಿ, ಸಿಕ್ಕಿದಷ್ಟು ಜಾಗದಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಿದ್ದೆ. ಹಾಗೆ ಮಾಡುವುದನ್ನು ಹೆಂಡತಿ ನೋಡಬಾರದೆಂದು ಬಾಗಿಲು ಹಾಕುತ್ತಿದ್ದೆ. ಶಿವರಾತ್ರಿಯ ಸಂಜೆ ಬಿಲ್ವಪತ್ರೆ ತೆಗೆದುಕೊಳ್ಳಲು ಬಲಗೈ ಬಿಟ್ಟೆ. ಬಟ್ಟೆಯ ಸುರುಳಿ ಜಾರಿತು. ಲಿಂಗ ಉರುಳಿ ತೊಡೆಯ ಮೇಲೆ ಬಿತ್ತು. ಪಂಚೆಯ ಮಡಿಕೆಯಲ್ಲಿ ನಿಂತಿತು. ನೆಲ ಮುಟ್ಟಿದ್ದರೆ ಈ ಕಾಗದ ಬರೆಯಲು ನಾನು ಇರುತ್ತಿರಲಿಲ್ಲ, ಅದು ತಮಗೆ ಗೊತ್ತು.

ಬಾಯಿ ಬಿಟ್ಟು ಅತ್ತೆ. ಗಿರಿಜೆ ಬಾಗಿಲು ಬಡಿದಳು, ತೆಗೆಯಲಿಲ್ಲ.

೧೮ನೇ ತಾರೀಖು ಶುಕ್ರವಾರ ಆಸ್ಪತ್ರೆ ಸೇರುತ್ತೇನೆ. ತಮ್ಮ ಮಾತಿಗೆ ಸೇರುವುದಲ್ಲ, ಲಿಂಗಕ್ಕಾಗಿ ಸೇರುವುದು. ತಾವು ಅಲ್ಲಿಗೆ ಬರಕೂಡದು. ಬಂದರೆ ಎದ್ದು ಮನೆಗೆ ಹೋಗುತ್ತೇನೆ, ಕೊಯ್ದ ಕೈ ಕೊಯ್ದ ಹಾಗೇ ಇರಲಿ.

ಶಂಭುಲಿಂಗಪ್ಪ


ಮಲ್ಲೇಶ್ವರ
೨೭ ಮಾರ್ಚ್ ೧೯೨೧

ಎಲೋ ಶಂಭು,

ನಿನ್ನ ಬುದ್ಧಿಗೆ ಏನು ಹೇಳಲಿ? ಬೈಗುಳವೆಲ್ಲ ಮುಗಿದುಹೋಗಿ ಹೊಸದಾಗಿ ಹುಡುಕಿಕೊಂಡು ಬರೆಯುತ್ತಿದ್ದೇನೆ.

ಬರಕೂಡದು ಅಂದೆ, ಬರಲಿಲ್ಲ. ಅಂದರೆ ಒಳಗೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಏಳು ಗಂಟೆಯಿಂದ ಆಸ್ಪತ್ರೆ ಅಂಗಳದ ಹೊಂಗೆಮರದ ಕೆಳಗೆ ಕೂತಿದ್ದೆ. ಗಿರಿಜೆ ಹೊರಗೆ ಬಂದು “ಬೆರಳು ನೆಟ್ಟಗಾಯ್ತು ಅತ್ತಿಗೇ” ಎಂದು ಹೇಳಿದ ಮೇಲೆ ಎದ್ದು ಮನೆಗೆ ಬಂದೆ. ಹನ್ನೆರಡು ಗಂಟೆಯಾಗಿತ್ತು. ಅವತ್ತು ನನ್ನ ಹೊಟ್ಟೆ ತಣ್ಣಗಾಗಿತ್ತು, ಸುಳ್ಳೇಕೆ ಹೇಳಲಿ.

ನಾಲ್ಕನೇ ದಿನ ನೀನು ಮಾಡಿದ ಘನಂದಾರಿ ಕೆಲಸ ಏನು? ಬೆಳಗಿನ ಜಾವ ಯಾರೂ ಇಲ್ಲದ ಹೊತ್ತು ನೋಡಿ ಹಲ್ಲಿನಿಂದ ಪಟ್ಟಿ ಬಿಚ್ಚಿ, ಹಲಗೆ ಕಿತ್ತು ಮಂಚದ ಕೆಳಗಿಟ್ಟು, ಹೊಲಿಗೆ ಹಾಕಿದ ಹಸಿ ಅಂಗೈ ಮೇಲೆ ಲಿಂಗವಿಟ್ಟು ನೀರು ಹುಯ್ದೆಯಂತೆ! ಚೊಂಬುಗಟ್ಟಲೆ ನೀರು! ಮೇಲೆ ವಿಭೂತಿ! ಮಾರನೇ ದಿನವೂ ಅದನ್ನೇ ಮಾಡಿ, ಪಟ್ಟಿಯನ್ನು ಮತ್ತೆ ಸುತ್ತಿಕೊಂಡು ಏನೂ ಅರಿಯದವನ ಹಾಗೆ ಮಲಗಿದ್ದೆಯಂತೆ. ಕೀವು ಬಂದು ಮೊಣಕೈವರೆಗೆ ಕೆಂಪೇರಿದ ಮೇಲೆ ಗುಟ್ಟು ರಟ್ಟಾಯಿತು.

ಡಾಕ್ಟರು ನನ್ನನ್ನು ಕರೆಸಿ ಬೈದರು. ನನ್ನನ್ನು! “ಅಮ್ಮಾ, ನೀವು ಹೇಳ್ಳಿಲ್ವಾ ಅವರಿಗೆ ನೀರು ಸೋಕಿಸ್ಬಾರ್ದು ಅಂತ?” ಅಂದರು. “ಎರಡು ಸಲ ಬರೆದಿದೀನಿ ಸ್ವಾಮಿ” ಅಂದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡು, “ಸ್ನಾನಕ್ಕೆ, ಊಟಕ್ಕೆ ಅಂದ್ಕೊಂಡೆ. ನಾನೇ ಪೂಜೆ ಅಂತ ಬಿಡಿಸಿ ಹೇಳ್ಬೇಕಾಗಿತ್ತು, ನಾನೂ ಲಿಂಗ ಕಟ್ಟಿದೋನು” ಅಂದರು. ಕಿರುಬೆರಳು ಉಳಿಯುವುದು ಕಷ್ಟವಂತೆ. ವಿಷ ಏರಿದರೆ ಕೈಗೇ ಬರುತ್ತದೆಯಂತೆ.

ನಮ್ಮ ಅಯ್ಯನವರು ಏಕಾಂತಯ್ಯನವರ ಮನೆಗೂ ಹೋಗಿ ಬಂದೆ. “ಕಾಯಿಲೆ ಬಿದ್ದಾಗ ಮನೆಯವರು ಅಂಗೈ ಕೊಟ್ಟರೆ ಆಗ್ತಿತ್ತಲ್ಲಮ್ಮ, ಅದರಲ್ಲೇನು ದೋಷ? ಗಿರಿಜಮ್ಮ ಹಿಡ್ಕೊಂಡಿದ್ರೆ ಇವನು ಬಲಗೈಲಿ ಪೂಜೆ ಮಾಡ್ಬೋದಿತ್ತು” ಅಂದರು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ನೀನು ಯಾರನ್ನು ಯಾವತ್ತು ಕೇಳಿದ್ದೀಯಾ? ಅವ್ವನನ್ನು ಮಣ್ಣು ಮಾಡುವಾಗಲೂ ಕೇಳಲಿಲ್ಲ.

ಅವತ್ತು ಏಕಾಂತಯ್ಯನವರೂ ಅಲ್ಲಿದ್ದರು. ಅವ್ವನ ವಿಷಯ ಎತ್ತಿದೆ. ಮುಖ ಆ ಕಡೆ ತಿರುಗಿಸಿ, “ಅದನ್ನ ಶಂಭುಲಿಂಗಪ್ಪನ ಬಾಯಿಂದಾನೇ ಕೇಳಮ್ಮ” ಅಂದರು. ಅಂದರೆ ಏನೋ ಇದೆ. ಊರಿಗೆಲ್ಲ ಗೊತ್ತಿದ್ದು ಮಗಳಿಗೆ ಮಾತ್ರ ಗೊತ್ತಿಲ್ಲದ್ದು. ಕೈ ಹೋಗುವ ಮೊದಲು ಅದೊಂದನ್ನು ಬರೆದು ತಿಳಿಸು. ಇಲ್ಲವಾದರೆ ನೀನು ಇದ್ದರೂ ನನಗೆ ಇಲ್ಲದವನೇ.

ಮಹಾನಂದ


ಆಸ್ಪತ್ರೆ
೬ ಏಪ್ರಿಲ್ ೧೯೨೧

ಅಕ್ಕನಿಗೆ,

ಮೊನ್ನೆ ಕಿರುಬೆರಳು ತೆಗೆದರು. ಉಂಗುರದ ಬೆರಳು ಉಳಿಯಿತು. ವಿಷ ಇಳಿದಿದೆ, ಕೈಗೆ ಅಪಾಯವಿಲ್ಲ ಅನ್ನುತ್ತಾರೆ. ಬಲಗೈ ಬರೆಯುತ್ತದೆ, ಆದ್ದರಿಂದ ನೆವ ಹೇಳುವ ಹಾಗಿಲ್ಲ. ಕೇಳಿದ್ದೀಯಲ್ಲ, ಓದು.

ಅವ್ವನಿಗೆ ಜ್ವರ ಇರಲಿಲ್ಲ. ರೊಟ್ಟಿ ತಿಂದು ಬಂದು ಮಲಗಿದಳು, ಬೆಳಿಗ್ಗೆ ಏಳಲಿಲ್ಲ. ಶೈಲಜಮ್ಮ ಹೇಳಿದ್ದು ನಿಜ.

ನೀನು ಕಂಡಾಗ ಅವಳ ಒಂದು ಬೆರಳು ಕೊಂಚ ಬಾಗಿತ್ತು. ಕೊನೆಯ ಎರಡು ವರ್ಷದಲ್ಲಿ ಮೂರು ಬೆರಳು ಒಳಕ್ಕೆ ಹೋದವು. ಉಗುರು ಅಂಗೈಗೆ ಚುಚ್ಚಿ ಗಾಯವಾಗುತ್ತಿತ್ತು. ನಿನಗೆ ಹೇಳಬಾರದೆಂದಿದ್ದಳು. “ಅವಳು ಬಂದ್ರೆ ಊರೆಲ್ಲ ಒಂದು ಮಾಡ್ತಾಳೆ” ಅನ್ನುತ್ತಿದ್ದಳು. ಲಿಂಗವನ್ನು ಪೀಠದ ಮೇಲಿಟ್ಟು ಪೂಜೆ ಮಾಡಿ, ಆಮೇಲೆ ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ಒಂದು ದಿನ ನನ್ನ ಕೈ ಹಿಡಿದು, “ಶಂಭು, ಇರೋ ತನಕ ಆಗ್ಲಿಲ್ಲ. ಹೋಗುವಾಗಾದ್ರೂ ನನ್ ಲಿಂಗ ನನ್ ಅಂಗೈಲಿರ್ಬೇಕು. ಮಾತು ಕೊಡು” ಅಂದಳು. ಕೊಟ್ಟೆ.

ಅವತ್ತು ಬೆಳಿಗ್ಗೆ ಕೂರಿಸಿದಾಗ ಎಡಗೈ ಕಲ್ಲಿನ ಹಾಗೆ ಮುಚ್ಚಿತ್ತು. ಏಕಾಂತಯ್ಯನವರು ನೋಡಿ, “ಬೇಡಪ್ಪ, ಕೊರಳಿಗೆ ಕಟ್ಟಿದ್ರೆ ಸಾಕು. ಶಿವ ಏನೂ ಅಂದ್ಕೊಳ್ಳಲ್ಲ” ಅಂದರು. ನಾನು ಕೇಳಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿದೆ. ಬಿಸಿನೀರು ಹಾಕಿದೆ, ಎಣ್ಣೆ ಹಾಕಿದೆ. ಆಮೇಲೆ ನನ್ನ ಎರಡೂ ಕೈಯಿಂದ ಹಿಡಿದು ಬಿಚ್ಚಿದೆ. ಎರಡು ಬೆರಳು ಮುರಿದವು ಅಕ್ಕ. ಸದ್ದು ಕೇಳಿತು. ಹೊರಗಿದ್ದವರಿಗೂ ಕೇಳಿತು, ಗಿರಿಜೆ ಚೀರಿದಳು. ಬೆರಳು ಹಿಂದಕ್ಕೆ ಮಡಿಚಿ ನಿಂತವು. ಆ ಅಂಗೈಯಲ್ಲಿ ಲಿಂಗವಿಟ್ಟೆ.

ನೀನು ಬಂದ ಕೂಡಲೇ ಅವ್ವನ ಕೈ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುವವಳು. ಎಷ್ಟು ಸಲ ನೋಡಿಲ್ಲ? ಕೊನೆಕೊನೆಗೆ ಅವಳು ಬಲಗೈ ಮಾತ್ರ ಕೊಡುತ್ತಿದ್ದಳು, ಅವತ್ತು ನೀನು ಎರಡನ್ನೂ ಹಿಡಿಯುತ್ತಿದ್ದೆ. ಅದಕ್ಕೇ ಕಾಯಲಿಲ್ಲ. ನಾನೇ ಗುದ್ದಲಿ ಹಿಡಿದು ಮಣ್ಣು ಎಳೆದೆ. ರೈಲಿನ ಹೊತ್ತು ನನಗೆ ಚೆನ್ನಾಗಿ ಗೊತ್ತಿತ್ತು.

ಆರು ತಿಂಗಳಿಗೆ ನನ್ನ ಅಂಗೈಯಲ್ಲಿ ಗಂಟು ಕಾಣಿಸಿತು, ಅದೇ ಕೈ, ಅದೇ ಬೆರಳು. ಅವ್ವನ ಕೈ ಮುರಿದವನಿಗೆ ಇದೇ ಸರಿ ಎಂದುಕೊಂಡೆ. ಇದನ್ನು ವಾಸಿ ಮಾಡಿಸಿಕೊಳ್ಳಲು ನನಗೆ ಏನು ಹಕ್ಕಿದೆ ಎಂದುಕೊಂಡೆ. ಹಾಗಿರುವಾಗ ನೀನು ಸುತ್ತಿಗೆ ಎಂದು ಬರೆದೆ.

ಆಸ್ಪತ್ರೆಯಲ್ಲಿ ಯಾಕೆ ನೀರು ಹುಯ್ದೆ ಎಂದು ಎಲ್ಲರೂ ಕೇಳುತ್ತಾರೆ. ಮೂರನೇ ದಿನ 'ಅಂಗೈ ಪೂರ್ತಿ ಬಿಚ್ಚಿದೆ' ಎಂದು ಡಾಕ್ಟರು ಹೇಳಿದ್ದರು. ನೋಡಬೇಕೆನಿಸಿತು. ನೋಡಿದ ಮೇಲೆ ತಡೆಯಲಾಗಲಿಲ್ಲ. ನೀರು ಲಿಂಗದ ಮೇಲಿಂದ ಇಳಿದು ಅಂಗೈಯಲ್ಲಿ ನಿಂತದ್ದನ್ನು ನೋಡಿ ಎಷ್ಟು ದಿನವಾಗಿತ್ತು! ಉರಿಯಿತು, ಆದರೂ ಹುಯ್ದೆ.

ಎಲ್ಲ ಹೇಳಿದ್ದೇನೆ. ಇನ್ನು ನನ್ನ ಮುಖ ನೋಡಬೇಡ, ಕಾಗದವೂ ಬೇಡ.

ಶಂಭು


ಮಲ್ಲೇಶ್ವರ
೨೨ ಮೇ ೧೯೨೧

ಶಂಭುವಿಗೆ,

ನಲವತ್ತು ದಿನದ ಮೇಲಾಯಿತು, ಉತ್ತರ ಬರೆದಿಲ್ಲ. ಐದು ಸಲ ಕೂತೆ. ಐದು ಸಲವೂ ಲೇಖನಿ ಒತ್ತಿ ಹಿಡಿದು ಕಾಗದ ಹರಿಯಿತು. ನಿನಗೆ ಕೈ ಬಂದಿದೆ, ಮನೆಗೆ ಬಂದಿದ್ದೀಯೆಂದು ಗಿರಿಜೆ ಹೇಳಿದಳು. ಒಳ್ಳೆಯದು.

ಈಗ ಕೇಳು. ಬೆರಳು ಮುರಿದದ್ದಕ್ಕೆ ನಿನ್ನನ್ನು ಬೈಯುವುದಿಲ್ಲ. ಅವ್ವ ಅದೇ ಮಾತನ್ನು ನನ್ನಿಂದಲೂ ತೆಗೆದುಕೊಂಡಿದ್ದಳು, ನನ್ನ ಮಗನ ಮದುವೆಯಲ್ಲಿ, ತುಮಕೂರಿನ ಮನೆಯ ಹಿತ್ತಿಲಲ್ಲಿ ನಿಂತು. “ಹೋಗುವಾಗ ಅಂಗೈಲಿರ್ಬೇಕು ಕಣೇ ಮಹಾನಂದ” ಅಂದಳು. ಎಲ್ಲ ಮುದುಕಿಯರೂ ಹೇಳುವ ಮಾತು ಎಂದುಕೊಂಡು ಹೂಂ ಅಂದೆ. ಕೈ ನೋಡಲಿಲ್ಲ. ಸೆರಗು ಸರಿಸಿ ಒಂದು ಸಲ ನೋಡಿದ್ದರೆ ಆಗಲೇ ಈ ಡಾಕ್ಟರ ಹತ್ತಿರ ಎಳೆದುಕೊಂಡು ಬರುತ್ತಿದ್ದೆ. ನೋಡದೆ ಇದ್ದದ್ದು ನನ್ನ ತಪ್ಪು, ಅದನ್ನು ನಾನು ಹೊರುತ್ತೇನೆ. ಅವತ್ತು ನಾನು ಮೊದಲು ಬಂದಿದ್ದರೆ ನಾನೇ ಬಿಚ್ಚುತ್ತಿದ್ದೆ, ಮುರಿದರೂ ಬಿಚ್ಚುತ್ತಿದ್ದೆ.

ಆದರೆ ಮುರಿದ ಕೈಯನ್ನು ಅಕ್ಕ ನೋಡಲಾರಳು ಎಂದು ನೀನೊಬ್ಬನೇ ತೀರ್ಮಾನ ಮಾಡಿದೆಯಲ್ಲ, ಅದಕ್ಕೆ ಕ್ಷಮೆಯಿಲ್ಲ. ನಾನು ನೋಡುತ್ತಿದ್ದೆ. ಮುರಿದ ಕೈಯನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಅದು ನಿನ್ನೊಬ್ಬನ ತಾಯಿಯ ಕೈಯಲ್ಲ. ಈ ಸಿಟ್ಟು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ, ಇಳಿಸಲು ಪ್ರಯತ್ನ ಮಾಡಬೇಡ.

ಮುಚ್ಚಿಟ್ಟವನು ನೀನೊಬ್ಬನೇ ಅಲ್ಲ, ಅದನ್ನೂ ಬರೆದುಬಿಡುತ್ತೇನೆ. ಫೆಬ್ರವರಿಯಲ್ಲಿ ಆ ಡಾಕ್ಟರು ನನ್ನ ಎಡಗೈ ಹಿಡಿದುಕೊಂಡು ಬಿಡದೆ ನೋಡಿದರೆಂದು ಬರೆದಿದ್ದೆ. ಯಾಕೆ ನೋಡಿದರೆಂದು ಬರೆದಿರಲಿಲ್ಲ. ನನ್ನ ಅಂಗೈಯಲ್ಲೂ ಗಂಟಿದೆ. ಕಳೆದ ದೀಪಾವಳಿಗೆ ಕಾಣಿಸಿತು, ಈಗ ಕಿರುಬೆರಳು ಅರ್ಧ ಮಡಿಚಿದೆ. ನಾನೂ ಸೆರಗಿನೊಳಗೇ ಇಟ್ಟುಕೊಂಡಿದ್ದೇನೆ, ಸೊಸೆಗೂ ಗೊತ್ತಿಲ್ಲ. ನಿನ್ನನ್ನು ಮೊದಲು ಕಳಿಸಿದ್ದು ನಿನ್ನ ಮೇಲಿನ ಪ್ರೀತಿಯಿಂದ ಎಂದುಕೊಂಡಿದ್ದರೆ, ಅರ್ಧ ಮಾತ್ರ ಸರಿ. ಉಳಿದರ್ಧ, ನಿನ್ನ ಕೈ ಏನಾಗುತ್ತದೋ ನೋಡೋಣ ಎಂದು. ಈಗ ಬೇಕಾದಷ್ಟು ಬೈದುಕೋ.

ಜೂನ್ ಒಂದನೇ ತಾರೀಖು ಬುಧವಾರ ನಾನು ಸೇರುತ್ತೇನೆ. ನನಗೆ ಹೆದರಿಕೆ ಶಂಭು. ಕೊಯ್ಯುವುದಕ್ಕೆ ಹೆದರಿಕೆಯಿಲ್ಲ. ಎಂಟನೇ ವಯಸ್ಸಿನಿಂದ ಒಂದು ದಿನ ಪೂಜೆ ಬಿಟ್ಟವಳಲ್ಲ, ಹದಿನೈದು ದಿನ ಹೇಗಿರಲಿ? ನೀನು ಹುಯ್ದ ಹಾಗೆ ನಾನೂ ನೀರು ಹುಯ್ದುಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಮಗನನ್ನೂ ಸೊಸೆಯನ್ನೂ ಅಂಗೈ ಕೊಡಿ ಎಂದು ಕೇಳಲು ನಾಲಿಗೆ ಬರುವುದಿಲ್ಲ.

ನೀನು ಒಳಗೆ ಬರಕೂಡದು. ಹೊಂಗೆಮರ ಅಲ್ಲೇ ಇದೆ.

ಅಕ್ಕ


ಚಾಮರಾಜಪೇಟೆ
೨೭ ಮೇ ೧೯೨೧

ಅಕ್ಕ,

ಎಂಥ ಹೆಂಗಸು ನೀನು! ಕೀವು ತುಂಬಿ ಮಲಗಿದ್ದವನ ಮೇಲೆ ಆ ಪಾಟಿ ಕೂಗಾಡಿದೆ, ನಿನ್ನ ಕೈಯನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು! ಮೊದಲು ತಮ್ಮನನ್ನು ಕೊಯ್ಯಲಿ, ಬದುಕಿದರೆ ನೋಡೋಣ ಎಂದು! ಓದಿ ಮೈ ಉರಿಯಿತು. ಆಮೇಲೆ ನಗು ಬಂತು. ಗಿರಿಜೆ ಯಾಕೆ ನಗುತ್ತೀರಿ ಎಂದು ಹೆದರಿಕೊಂಡಳು.

ನಿನ್ನ ಸಿಟ್ಟು ಇಳಿಸುವ ಪ್ರಯತ್ನ ಮಾಡುವುದಿಲ್ಲ. ನನಗೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇರಲಿ ಬಿಡು.

ಹೊಂಗೆಮರದ ಕೆಳಗೆ ನಾನು ಕೂರುವುದಿಲ್ಲ. ಒಳಗೇ ಬರುತ್ತೇನೆ. ಬೈಯುವುದಿದ್ದರೆ ಔಷಧ ಮೂಸುವ ಮೊದಲೇ ಬೈದು ಮುಗಿಸು, ಆಮೇಲೆ ನಿನಗೆ ಮಾತು ಬರುವುದಿಲ್ಲ.

ನನ್ನ ಕೈಯ ಹಲಗೆ ಬಿಚ್ಚಿ ಹತ್ತು ದಿನವಾಯಿತು. ಉಂಗುರದ ಬೆರಳು ಪೂರ್ತಿ ನೆಟ್ಟಗಾಗಿಲ್ಲ, ಮುಕ್ಕಾಲು. ನಿನ್ನೆ ಬಾಗಿಲು ತೆರೆದಿಟ್ಟುಕೊಂಡು ಪೂಜೆ ಮಾಡಿದೆ. ಶೈಲಜಮ್ಮ ಬೆಲ್ಲ ಕೇಳಲು ಬಂದವಳು ನಿಂತು ನೋಡಿ ಕೈ ಮುಗಿದು ಹೋದಳು.

ಏಕಾಂತಯ್ಯನವರ ಮನೆಗೆ ಹೋಗಿ ಕೇಳಿ ಬಂದಿದ್ದೇನೆ. ಹೌದು, ಕೇಳಿದೆ, ಈ ಸಲ ಕೇಳಿದೆ. “ಒಡಹುಟ್ಟಿದವನ ಅಂಗೈ ಧಾರಾಳವಾಗಿ ಆಗುತ್ತೆ” ಅಂದರು. ಹದಿನೈದು ದಿನವೂ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಬರುತ್ತೇನೆ. ನಿನ್ನ ಲಿಂಗವನ್ನು ನನ್ನ ಎಡಗೈ ಮೇಲಿಡು. ನೀರು, ವಿಭೂತಿ, ಪತ್ರೆ ಎಲ್ಲ ನಿನ್ನ ಬಲಗೈಯಿಂದ ನೀನೇ ಹಾಕು. ನನ್ನ ಹತ್ತಿರ ಮಾತಾಡಬೇಕೆಂದಿಲ್ಲ.

ಒಂದು ಬೆರಳು ಕಡಿಮೆಯಿದೆ, ನೋಡಿ ಮುಖ ತಿರುಗಿಸಬೇಡ. ಜಾರುವುದಿಲ್ಲ ಅಕ್ಕ. ನೀರು ತುಂಬಿಸಿ ನೋಡಿದ್ದೇನೆ, ನಿಲ್ಲುತ್ತದೆ.

ನಿನ್ನ ತಮ್ಮ
ಶಂಭು